ಆ ಇಪ್ಪತ್ತೈದು ಸಾವಿರ ಕೋಟಿ ಎಲ್ಲಿಗೆ ಹೋಯಿತು?

2021ರ ಏಪ್ರಿಲ್ 15. ರಂಜಾನಿನ ಎರಡನೆಯ ರೋಜಾ. ಇಫ್ತಾರ್ ಮುಗಿಸಿ, ಮಗ್ರಿಬ್ ನಮಾಜು ಮಾಡಿಕೊಂಡು ಬಂದು ಎಲ್ಲರೂ ಗಂಜಿಯ ಬಟ್ಟಲು ಹಿಡಿದು ಕೂತಿದ್ದೆವು. ಟಿ.ವಿ.ಯಲ್ಲಿ ಕೊರೊನಾ ಸಾವಿನ ಲೆಕ್ಕದ ನಡುವೆ ಇನ್ನೊಂದು ಲೆಕ್ಕ ಬಂತು. ರಿಸರ್ವ್ ಬ್ಯಾಂಕ್ ಅಂದು 25 ಸಾವಿರ ಕೋಟಿ ರೂಪಾಯಿಯ ಸರ್ಕಾರಿ ಬಾಂಡುಗಳನ್ನು ಕೊಂಡಿದೆ, ಜೂನ್ ಮುಗಿಯುವುದರೊಳಗೆ ಒಟ್ಟು ಒಂದು ಲಕ್ಷ ಕೋಟಿಯಷ್ಟು ಕೊಳ್ಳಲಿದೆ, ಇದರಿಂದ ಮಾರುಕಟ್ಟೆಯಲ್ಲಿ ಹಣದ ಹರಿವು ಹೆಚ್ಚಲಿದೆ ಎಂದು ಸುದ್ದಿ ಓದುವ ಹುಡುಗಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ನನ್ನ ತಮ್ಮ ಬಟ್ಟಲನ್ನು ಕೆಳಗಿಟ್ಟ. "ಇತ್ತಾ ಪೈಸಾ ಕಾಂ ಜಾತಾ ಆಪಾ?" ಅಂದ. ಇಷ್ಟೊಂದು ದುಡ್ಡು ಹೋಗುವುದಾದರೂ ಎಲ್ಲಿಗೆ ಅಕ್ಕಾ?

ಕೇಳಿದ ಧಾಟಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯಲೆಂದೇ ಕೇಳಿದ್ದ. ನಾಲ್ಕು ಕಥೆ ಬರೆದು ಹೆಸರು ಮಾಡಿದ ಅಕ್ಕನಿಗೆ ಇದೂ ಗೊತ್ತಿರಬಹುದು ಎಂಬ ನಂಬಿಕೆ ಅವನದು. ನನಗೆ ಗೊತ್ತಿರಲಿಲ್ಲ. "ನೋಟು ಅಚ್ಚು ಹಾಕ್ತಾರೆ, ಬ್ಯಾಂಕಿಗೆ ಕೊಡ್ತಾರೆ, ಬ್ಯಾಂಕಿನವರು ಜನಕ್ಕೆ ಕೊಡ್ತಾರೆ" ಎಂದು ಏನೋ ಹೇಳಿದೆ. "ಹಾಗಾದ್ರೆ ನನಗ್ಯಾಕೆ ಕೊಡ್ಲಿಲ್ಲ?" ಅಂದ. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಅಮ್ಮಿ ಎದ್ದು ಟಿ.ವಿ. ಆರಿಸಿದಳು.

ತಮ್ಮನಿಗೆ ದಾವಣಗೆರೆಯಲ್ಲಿ ಒಂದು ಮಂಡಕ್ಕಿ ಭಟ್ಟಿ ಇದೆ. ನಮ್ಮೂರಿನ ಖಾರ ಮಂಡಕ್ಕಿ, ಮಿರ್ಚಿ ತಿಂದವರಿಗೆ ಅದರ ರುಚಿ ಗೊತ್ತು. ಕಾದ ಮರಳಿನ ಮುಂದೆ ಇಡೀ ದಿನ ನಿಂತು ಅದನ್ನು ಅರಳಿಸುವವರ ಮೈಯ ಬೇಗೆ ಗೊತ್ತಿರುವವರು ಕಡಿಮೆ. 2020ರ ಲಾಕ್‌ಡೌನಿನಲ್ಲಿ ಸಂತೆ, ಜಾತ್ರೆ, ಮದುವೆ ಎಲ್ಲ ನಿಂತವು. ಮಂಡಕ್ಕಿ ಕೊಳ್ಳುವವರೇ ಇಲ್ಲ. ಭತ್ತಕ್ಕೆಂದು ಇಟ್ಟಿದ್ದ ಬಂಡವಾಳವನ್ನು ಮನೆಯವರೂ ಕೆಲಸದ ಹುಡುಗರೂ ಸೇರಿ ಆರು ತಿಂಗಳು ಉಂಡೆವು. ಭಟ್ಟಿ ಮತ್ತೆ ಹೊತ್ತಿಸಲು ಎರಡು ಲಕ್ಷ ಬೇಕಿತ್ತು. 2021ರ ಮಾರ್ಚಿನಲ್ಲಿ ಅವನು ಬ್ಯಾಂಕಿಗೆ ಅರ್ಜಿ ಕೊಟ್ಟ. ಹದಿನೈದು ದಿನ ಓಡಾಡಿಸಿ ಆಗುವುದಿಲ್ಲ ಅಂದರು.

ಅಧಿಕಾರಿ ಕೆಟ್ಟವರೇನಲ್ಲ. ಕೂರಿಸಿ, ಕಾರಣ ಹೇಳಿಯೇ ಕಳಿಸಿದ್ದರು. ಸಣ್ಣ ಉದ್ದಿಮೆಗಳಿಗಾಗಿ ಸರ್ಕಾರ 2020ರ ಮೇ ತಿಂಗಳಲ್ಲಿ ಮೂರು ಲಕ್ಷ ಕೋಟಿಯ ತುರ್ತು ಸಾಲ ಯೋಜನೆ ಪ್ರಕಟಿಸಿತ್ತು. ಸಾಲ ಮುಳುಗಿದರೆ ಸರ್ಕಾರವೇ ಹೊಣೆ. ಆದರೆ ಅದು ಮೊದಲೇ ಸಾಲ ಇದ್ದವರಿಗೆ ಮಾತ್ರ. 2020ರ ಫೆಬ್ರವರಿ ಕೊನೆಗೆ ನಿಮ್ಮ ಹೆಸರಿನಲ್ಲಿ ಎಷ್ಟು ಸಾಲ ಬಾಕಿ ಇತ್ತೋ ಅದರ ಶೇ. 20ರಷ್ಟನ್ನು ಹೆಚ್ಚುವರಿಯಾಗಿ ಕೊಡುವ ವ್ಯವಸ್ಥೆ. ತಮ್ಮನ ಹೆಸರಿನಲ್ಲಿ ಒಂದು ಪೈಸೆ ಸಾಲವೂ ಇರಲಿಲ್ಲ. ಅಬ್ಬಾ ಇದ್ದಾಗಿನಿಂದ ನಮ್ಮ ಮನೆಯಲ್ಲಿ ಕರ್ಜು ಎಂದರೆ ಒಂದು ಕಳಂಕ. ಬಡ್ಡಿಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ನಡೆಯುವ ಚರ್ಚೆ ಓದುಗರಿಗೆ ಗೊತ್ತೇ ಇದೆ. ಅಬ್ಬಾರ ಹಟದಲ್ಲಿ ಧರ್ಮ ಎಷ್ಟಿತ್ತು, ಸ್ವಾಭಿಮಾನ ಎಷ್ಟಿತ್ತು ಎಂದು ನಾನು ತೂಗಿ ನೋಡಿಲ್ಲ. ಒಟ್ಟಿನಲ್ಲಿ ಮೂವತ್ತು ವರ್ಷ ಯಾರಿಗೂ ಬಾಕಿ ಇಡದೆ ಬದುಕಿದ್ದು ಮನೆಯಲ್ಲಿ ಹೆಮ್ಮೆಯಾಗಿತ್ತು. ಬ್ಯಾಂಕಿನ ಕಂಪ್ಯೂಟರಿನಲ್ಲಿ ಅದೇ ಒಂದು ಖಾಲಿ ಜಾಗವಾಗಿ ಕಂಡಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ನನ್ನ ಹೈಸ್ಕೂಲು ಮೇಷ್ಟ್ರಿಗೆ ಫೋನು ಮಾಡಿದೆ. ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಎಂಟನೆಯದಕ್ಕೆ ಕನ್ನಡ ಶಾಲೆ ಸೇರಿದಾಗ ಲೆಕ್ಕದ ಪದಗಳೇ ಅರ್ಥವಾಗುತ್ತಿರಲಿಲ್ಲ. 'ಅಮಾನತ್' ಎಂದರೆ ನನಗೆ ನಂಬಿ ಒಪ್ಪಿಸಿದ ಒಡವೆ. ಕನ್ನಡ ಪತ್ರಿಕೆಯಲ್ಲಿ ನೋಡಿದರೆ 'ಅಧಿಕಾರಿ ಅಮಾನತು' ಎಂದು ಇರುತ್ತಿತ್ತು! ಇಂಥ ಗೊಂದಲಗಳನ್ನೆಲ್ಲ ನಗದೆ ಬಿಡಿಸಿಕೊಟ್ಟವರು ಈ ಮೇಷ್ಟ್ರು. ಶಿಕ್ಷಕರ ಸಹಕಾರ ಸಂಘದ ಲೆಕ್ಕಪತ್ರವನ್ನು ವರ್ಷಗಟ್ಟಲೆ ನೋಡಿಕೊಂಡವರು. ಜಮಾ–ಖರ್ಚು ಅವರಿಗೆ ಅಂಗೈಗೆರೆ.

"ನೀನು ಹೇಳಿದ್ದು ತಪ್ಪಮ್ಮ" ಅಂದರು ಮೊದಲಿಗೇ. "ನೋಟು ಅಚ್ಚಾಗೋದು ಮೈಸೂರು ಮುಂತಾದ ಕಡೆಯ ಮುದ್ರಣಾಲಯಗಳಲ್ಲಿ. ನಿನ್ನೆ ಬಾಂಡು ಕೊಂಡದ್ದಕ್ಕೂ ಆ ಯಂತ್ರಕ್ಕೂ ಸಂಬಂಧ ಇಲ್ಲ. ಒಂದು ಹಾಳೆ ತಗೊಂಡು ಮೂರು ಮನೆ ಗೆರೆ ಎಳಿ. ಒಂದು ರಿಸರ್ವ್ ಬ್ಯಾಂಕಿಗೆ, ಒಂದು ನಮ್ಮ ಬ್ಯಾಂಕಿಗೆ, ಒಂದು ಜನಕ್ಕೆ."

ನಾನು ಗೆರೆ ಎಳೆದೆ. ಆಮೇಲೆ ತಿಂಗಳುಗಟ್ಟಲೆ ಅವರು ಹೇಳಿದ್ದನ್ನೂ, ನಾನೇ ಹುಡುಕಿ ಓದಿದ್ದನ್ನೂ ಆ ಹಾಳೆಯಲ್ಲಿ ತುಂಬುತ್ತ ಹೋದೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಬಾಂಡು ಎಂದರೆ ಸಾಲಪತ್ರ. ಸರ್ಕಾರಕ್ಕೆ ತೆರಿಗೆಯ ಹಣ ಸಾಲದೆ ಬಂದಾಗ, ಇಷ್ಟು ವರ್ಷದಲ್ಲಿ ಇಷ್ಟು ಬಡ್ಡಿ ಸಮೇತ ಕೊಡುತ್ತೇನೆ ಎಂದು ಬರೆದುಕೊಟ್ಟು ಸಾಲ ಎತ್ತುತ್ತದೆ. ಆ ಪತ್ರವನ್ನು ಕೊಳ್ಳುವವರು ಮುಖ್ಯವಾಗಿ ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯ ನಿಧಿಗಳು, ಮ್ಯೂಚುವಲ್ ಫಂಡುಗಳು. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರದ ಬಾಂಡುಗಳಲ್ಲಿ ಸುಮಾರು ಶೇ. 38 ವಾಣಿಜ್ಯ ಬ್ಯಾಂಕುಗಳ ಕೈಯಲ್ಲೇ ಇದ್ದವು. ಠೇವಣಿಯ ಒಂದು ಪಾಲನ್ನು ಇಂಥ ಭದ್ರ ಪತ್ರಗಳಲ್ಲಿ ಇಡಲೇಬೇಕೆಂಬ ನಿಯಮವೂ ಇದೆ. 2020ರ ಏಪ್ರಿಲ್‌ನಿಂದ ಅದು ಶೇ. 18.

ಈಗ ಒಂದು ಬ್ಯಾಂಕಿನಿಂದ ರಿಸರ್ವ್ ಬ್ಯಾಂಕ್ ನೂರು ಕೋಟಿಯ ಬಾಂಡು ಕೊಂಡಿತು ಎಂದಿಟ್ಟುಕೊಳ್ಳಿ. ದುಡ್ಡನ್ನು ಹೇಗೆ ಕೊಡುತ್ತದೆ? ನಮಗೆ ಬ್ಯಾಂಕಿನಲ್ಲಿ ಖಾತೆ ಇರುವ ಹಾಗೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನಲ್ಲಿ ಖಾತೆ ಇರುತ್ತದೆ. ಆ ಖಾತೆಯಲ್ಲಿ ನೂರು ಕೋಟಿ ಜಮಾ ಎಂದು ಬರೆಯುತ್ತದೆ. ಅಷ್ಟೇ. ಆ ನೂರು ಕೋಟಿ ಅದಕ್ಕೆ ಮುಂಚೆ ಎಲ್ಲಿಯೂ ಇರಲಿಲ್ಲ. ಬರೆದ ಕ್ಷಣದಲ್ಲಿ ಹುಟ್ಟಿತು. ಹೀಗೆ ರಿಸರ್ವ್ ಬ್ಯಾಂಕಿನಲ್ಲಿ ಬ್ಯಾಂಕುಗಳು ಇಟ್ಟಿರುವ ಹಣಕ್ಕೆ ಮೀಸಲು ಎಂದು ಹೆಸರು.

ಬ್ಯಾಂಕಿನ ಮನೆಯಲ್ಲಿ ಏನಾಯಿತು? ನೂರು ಕೋಟಿಯ ಬಾಂಡು ಹೋಯಿತು, ನೂರು ಕೋಟಿಯ ಮೀಸಲು ಬಂತು. ಜನರ ಮನೆಯಲ್ಲಿ? ಏನೂ ಆಗಲಿಲ್ಲ. ಯಾರ ಪಾಸ್‌ಬುಕ್ಕಿನಲ್ಲೂ ಒಂದು ರೂಪಾಯಿ ಹೆಚ್ಚಲಿಲ್ಲ. ಅರ್ಥಶಾಸ್ತ್ರದವರು ಹಣದ ಪೂರೈಕೆ ಎಂದು ಲೆಕ್ಕ ಹಾಕುವುದು ಜನರ ಕೈಯಲ್ಲಿರುವ ನೋಟು ಮತ್ತು ಬ್ಯಾಂಕಿನಲ್ಲಿರುವ ಠೇವಣಿ ಎರಡನ್ನೂ ಕೂಡಿಸಿ. ಮೀಸಲು ಆ ಲೆಕ್ಕದಲ್ಲಿ ಸೇರುವುದಿಲ್ಲ. ಅಂದರೆ ಬ್ಯಾಂಕಿನಿಂದ ಬಾಂಡು ಕೊಂಡಾಗ ಮೀಸಲು ಬೆಳೆಯುತ್ತದೆ, ಜನರ ಹಣ ಬೆಳೆಯುವುದಿಲ್ಲ.

ವಿಮಾ ಕಂಪನಿಯೋ ಮ್ಯೂಚುವಲ್ ಫಂಡೋ ಬಾಂಡು ಮಾರಿದರೆ ಲೆಕ್ಕ ಬೇರೆ. ಮಾರಿದ ದುಡ್ಡು ಅವರ ಬ್ಯಾಂಕಿನ ಖಾತೆಗೆ ಬರುತ್ತದೆ. ಅಲ್ಲಿ ಠೇವಣಿಯೂ ನೂರು ಕೋಟಿ ಹೆಚ್ಚುತ್ತದೆ, ಆ ಬ್ಯಾಂಕಿನ ಮೀಸಲೂ ನೂರು ಕೋಟಿ ಹೆಚ್ಚುತ್ತದೆ. ಹಣದ ಪೂರೈಕೆ ಕೂಡಲೇ ಬೆಳೆಯಿತು. ಆದರೆ ಯಾರ ಕೈಯಲ್ಲಿ? ಬಾಂಡು ಇಟ್ಟುಕೊಂಡಿದ್ದವರ ಕೈಯಲ್ಲಿ. ಅವರು ಆ ದುಡ್ಡಿನಲ್ಲಿ ಭತ್ತ ಕೊಳ್ಳುವುದಿಲ್ಲ. ಇನ್ನೊಂದು ಬಾಂಡನ್ನೋ ಷೇರನ್ನೋ ಕೊಳ್ಳುತ್ತಾರೆ.

ಇಷ್ಟು ಹೇಳಿ ಮೇಷ್ಟ್ರು ಕೇಳಿದರು: "ನಿನ್ನ ತಮ್ಮನ ಹೆಸರು ಈ ಹಾಳೆಯಲ್ಲಿ ಎಲ್ಲಾದರೂ ಬಂತಾ?" ಇಲ್ಲ ಸರ್ ಅಂದೆ.

"ಆದರೂ ಬ್ಯಾಂಕು ಆ ಮೀಸಲನ್ನು ಸಾಲ ಕೊಡಬಹುದಲ್ಲ?" ಎಂಬುದು ನನ್ನ ಮುಂದಿನ ಪ್ರಶ್ನೆ. ಕಾಲೇಜಿನ ಅರ್ಥಶಾಸ್ತ್ರದ ಪುಸ್ತಕಗಳಲ್ಲೂ ಹಾಗೆಯೇ ಇರುತ್ತಿತ್ತು. ನೂರು ರೂಪಾಯಿ ಠೇವಣಿಗೆ ನಾಲ್ಕು ರೂಪಾಯಿ ಮೀಸಲಿಟ್ಟು ತೊಂಬತ್ತಾರು ಸಾಲ ಕೊಡುತ್ತಾರೆ, ಅದು ಮತ್ತೊಂದು ಬ್ಯಾಂಕಿಗೆ ಠೇವಣಿಯಾಗಿ ಬರುತ್ತದೆ, ಅದರಲ್ಲೂ ನಾಲ್ಕು ಪಾಲು ಇಟ್ಟು ಉಳಿದದ್ದು ಸಾಲ... ಹೀಗೆ ಒಂದಕ್ಕೆ ಇಪ್ಪತ್ತೈದರಷ್ಟು ಹಣ ಹುಟ್ಟುತ್ತದೆ. ಆ ಲೆಕ್ಕದಲ್ಲಿ 25 ಸಾವಿರ ಕೋಟಿಯ ಮೀಸಲಿಗೆ ಆರೂಕಾಲು ಲಕ್ಷ ಕೋಟಿ ಹಣ ಹುಟ್ಟಬೇಕು!

ಹಾಗೆ ಆಗಲಿಲ್ಲ. 2020–21ರಲ್ಲಿ ರಿಸರ್ವ್ ಬ್ಯಾಂಕ್ ನಿವ್ವಳ ಮೂರು ಲಕ್ಷ ಕೋಟಿಗೂ ಹೆಚ್ಚು ಬಾಂಡು ಕೊಂಡಿತ್ತು. ಆ ವರ್ಷ ಬ್ಯಾಂಕ್ ಸಾಲ ಬೆಳೆದದ್ದು ಶೇ. 5.6 ಮಾತ್ರ. ಠೇವಣಿ ಸುಮಾರು ಶೇ. 11ರಷ್ಟು ಬೆಳೆದಿತ್ತು. ಬ್ಯಾಂಕುಗಳು ಮಿಕ್ಕ ಹಣವನ್ನು ರಿವರ್ಸ್ ರೆಪೊ ಎಂಬ ಏರ್ಪಾಟಿನಲ್ಲಿ ಮತ್ತೆ ರಿಸರ್ವ್ ಬ್ಯಾಂಕಿಗೇ ಒಪ್ಪಿಸಿ ಶೇ. 3.35 ಬಡ್ಡಿ ತೆಗೆದುಕೊಳ್ಳುತ್ತಿದ್ದವು. 2021ರ ಸೆಪ್ಟೆಂಬರಿನಲ್ಲಿ ಹೀಗೆ ರಿಸರ್ವ್ ಬ್ಯಾಂಕ್ ಹೀರಿಕೊಳ್ಳುತ್ತಿದ್ದ ಹಣ ದಿನಕ್ಕೆ ಸರಾಸರಿ 9 ಲಕ್ಷ ಕೋಟಿ. ಮುಂಬೈಯಿಂದ ಹೊರಟ ಹಣ ಮುಂಬೈಗೇ ವಾಪಸು. (2022ರ ಏಪ್ರಿಲ್‌ನಲ್ಲಿ ಈ ಕೆಲಸಕ್ಕೆ ಬೇರೊಂದು ಏರ್ಪಾಟು ಬಂತು. ಹೆಸರು ಬದಲಾಯಿತು, ದಾರಿ ಅದೇ.)

ಇಲ್ಲಿ ಒಂದು ಮಾತು ನನಗೆ ಅರ್ಥವಾಗಲು ಬಹಳ ದಿನ ಹಿಡಿಯಿತು. ಮೀಸಲು ಬೀದಿಗೆ ಇಳಿಯುವ ದುಡ್ಡೇ ಅಲ್ಲ. ಅದು ಬ್ಯಾಂಕು ಬ್ಯಾಂಕುಗಳ ನಡುವೆ ಓಡಾಡುವ ದುಡ್ಡು. ಒಂದು ಬ್ಯಾಂಕಿನ ಗಿರಾಕಿ ಇನ್ನೊಂದು ಬ್ಯಾಂಕಿನ ಗಿರಾಕಿಗೆ ಹಣ ಕಳಿಸಿದರೆ ಮೀಸಲು ಈ ಖಾತೆಯಿಂದ ಆ ಖಾತೆಗೆ ಸರಿಯುತ್ತದೆ. ಒಟ್ಟು ಹಾಗೇ ಇರುತ್ತದೆ. ಜನ ನೋಟು ಬಿಡಿಸಿಕೊಂಡರೆ, ತೆರಿಗೆಯ ದುಡ್ಡು ಸರ್ಕಾರದ ಖಾತೆಗೆ ಹೋದರೆ, ಇಲ್ಲವೇ ರಿಸರ್ವ್ ಬ್ಯಾಂಕ್ ತಾನೇ ಬಾಂಡನ್ನೋ ಡಾಲರನ್ನೋ ಮಾರಿದರೆ ಮಾತ್ರ ಒಟ್ಟು ಮೀಸಲು ಕರಗುತ್ತದೆ.

ಹಾಗಾದರೆ ಬ್ಯಾಂಕು ಕೊಡುವ ಸಾಲ ಎಲ್ಲಿಂದ ಬರುತ್ತದೆ? ಬ್ರಿಟನ್ನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ ಇದನ್ನು ಸರಳವಾಗಿ ಬಿಡಿಸಿ ಹೇಳಿದೆ. ಬ್ಯಾಂಕು ಸಾಲ ಕೊಡುವಾಗ ಬೇರೆಯವರ ಠೇವಣಿಯನ್ನು ಎತ್ತಿ ಕೊಡುವುದಿಲ್ಲ. ಸಾಲಗಾರನ ಖಾತೆಯಲ್ಲಿ ಹೊಸದಾಗಿ ಜಮಾ ಎಂದು ಬರೆಯುತ್ತದೆ. ಸಾಲವೇ ಠೇವಣಿಯನ್ನು ಹುಟ್ಟಿಸುತ್ತದೆ. ಹಾಗೆ ಬರೆಯಲು ಬ್ಯಾಂಕಿಗೆ ಬೇಕಾದದ್ದು ಮುಖ್ಯವಾಗಿ ಮೂರು: ಸಾಲ ಕೇಳುವ ಮನುಷ್ಯ, ಅವನು ತೀರಿಸುತ್ತಾನೆಂಬ ನಂಬಿಕೆ, ನಷ್ಟವಾದರೆ ತಡೆಯುವ ಸ್ವಂತ ಬಂಡವಾಳ. ಮೀಸಲು ಆಮೇಲಿನ ಮಾತು. ಅದು ಕಡಿಮೆ ಬಿದ್ದರೆ ಸಾಲ ಪಡೆಯಬಹುದು. ನಂಬಿಕೆ ಕಡಿಮೆ ಬಿದ್ದರೆ ಯಾರಿಂದ ಸಾಲ ತರುವುದು? ನಮ್ಮ ಬ್ಯಾಂಕುಗಳಲ್ಲಿ 2018ರ ಮಾರ್ಚಿನ ಹೊತ್ತಿಗೆ ಕೊಟ್ಟ ಸಾಲದಲ್ಲಿ ಶೇ. 11ಕ್ಕೂ ಹೆಚ್ಚು ವಸೂಲಾಗದ ಪಟ್ಟಿ ಸೇರಿತ್ತು. ಆ ದೊಡ್ಡ ದೊಡ್ಡ ಬಾಕಿಗಳಿಂದ ಕೈ ಸುಟ್ಟುಕೊಂಡವರು ಮಂಡಕ್ಕಿ ಭಟ್ಟಿಯ ಮುಂದೆಯೂ ಕೈ ಹಿಂದೆಗೆದರು.

ನಮ್ಮ ಕಡೆ ಭದ್ರಾ ನಾಲೆಯ ಕೊನೆಭಾಗದ ರೈತರನ್ನು ಕೇಳಿ. ಜಲಾಶಯ ತುಂಬಿದೆ ಎಂದು ಪತ್ರಿಕೆಯಲ್ಲಿ ಫೋಟೋ ಬಂದ ದಿನವೇ ಅವರು ನೀರಿಗಾಗಿ ರಸ್ತೆಯಲ್ಲಿ ಕೂತಿರುತ್ತಾರೆ. ಜಲಾಶಯದ ಮಟ್ಟ ಸುಳ್ಳಲ್ಲ, ಅವರ ಗದ್ದೆ ಒಣಗಿದ್ದೂ ಸುಳ್ಳಲ್ಲ. ಆದರೂ ಈ ಹೋಲಿಕೆ ಪೂರ್ತಿ ಸರಿಯಲ್ಲ ಎಂದು ಮೇಷ್ಟ್ರು ತಿದ್ದಿದರು. ನಾಲೆಯಲ್ಲಿ ಬರುವುದು ಜಲಾಶಯದ್ದೇ ನೀರು. ಇಲ್ಲಿ ಜಲಾಶಯದ ನೀರು ಅಲ್ಲೇ ಉಳಿಯುತ್ತದೆ; ಗದ್ದೆಗೆ ಬರಬೇಕಾದ ನೀರು ಗದ್ದೆಯ ಪಕ್ಕದಲ್ಲೇ, ಸಾಲ ಬರೆಯುವ ಕೈಯಿಂದಲೇ ಹುಟ್ಟಬೇಕು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. 2008ರ ಕುಸಿತದ ನಂತರ ಅಮೆರಿಕದ ಫೆಡರಲ್ ರಿಸರ್ವ್ ಇದೇ ಕೆಲಸವನ್ನು ಭಾರಿ ಪ್ರಮಾಣದಲ್ಲಿ ಮಾಡಿತು. 2008ರ ಆಗಸ್ಟಿನಲ್ಲಿ 5 ಸಾವಿರ ಕೋಟಿ ಡಾಲರಿಗೂ ಕಡಿಮೆ ಇದ್ದ ಅಲ್ಲಿನ ಬ್ಯಾಂಕ್ ಮೀಸಲು 2014ರ ಹೊತ್ತಿಗೆ ಎರಡೂವರೆ ಲಕ್ಷ ಕೋಟಿ ಡಾಲರ್ ದಾಟಿತು. ಐವತ್ತು ಪಟ್ಟಿಗೂ ಹೆಚ್ಚು. ಜನರ ಕೈಯ ಹಣದ ಪೂರೈಕೆ ಬೆಳೆದದ್ದು ಸುಮಾರು ಒಂದೂವರೆ ಪಟ್ಟು. ಡಾಲರ್ ಕಸದ ಬೆಲೆಗೆ ಇಳಿಯುತ್ತದೆ ಎಂದು ಅಂದು ಹೆದರಿಸಿದವರ ಮಾತು ನಿಜವಾಗಲಿಲ್ಲ. ಮೀಸಲಿಗೂ ಬಡ್ಡಿ ಕೊಡುವುದನ್ನು ಫೆಡ್ 2008ರ ಅಕ್ಟೋಬರಿನಲ್ಲಿ ಶುರು ಮಾಡಿತ್ತು. ಬ್ಯಾಂಕುಗಳು ಇಟ್ಟುಕೊಂಡು ಕೂತವು.

2020ರಲ್ಲಿ ಅದೇ ಫೆಡ್ ಮತ್ತೆ ಬಾಂಡು ಕೊಂಡಿತು. ಈ ಸಲ ಹಣದ ಪೂರೈಕೆ ಒಂದೇ ವರ್ಷದಲ್ಲಿ ಕಾಲು ಭಾಗದಷ್ಟು ಏರಿತು. ವ್ಯತ್ಯಾಸ ಎಲ್ಲಿತ್ತು? ಈ ಸಲ ಸರ್ಕಾರವೂ ಭಾರಿ ಸಾಲ ಎತ್ತಿ ನೇರವಾಗಿ ಜನರ ಖಾತೆಗೆ ಹಾಕಿತ್ತು. ಮೊದಲ ಕಂತಿನಲ್ಲೇ ಬಹುತೇಕ ದೊಡ್ಡವರಿಗೆ ತಲಾ 1,200 ಡಾಲರ್. ಆಗ ಬ್ಯಾಂಕಿನ ಮನೆ, ಜನರ ಮನೆ ಎರಡೂ ಒಟ್ಟಿಗೆ ತುಂಬಿದವು. 2022ರ ಜೂನಿನಲ್ಲಿ ಅಲ್ಲಿನ ಬೆಲೆಯೇರಿಕೆ ಶೇ. 9.1 ಮುಟ್ಟಿತು. ಯುದ್ಧ, ಸರಕು ಸಾಗಣೆಯ ತೊಡಕು ಎಲ್ಲವೂ ಅದಕ್ಕೆ ಕಾರಣ ಹೌದು. ಆದರೂ ಬಾಂಡು ಕೊಂಡ ಮಾತ್ರಕ್ಕೆ ಒಂದೇ ಫಲ ಎಂದು ಹೇಳಲಾಗದು ಎಂಬುದಕ್ಕೆ ಆ ಎರಡು ಸಂದರ್ಭಗಳೇ ಸಾಕ್ಷಿ. ಆ ಹಣದ ಜೊತೆ ಇನ್ನೇನು ನಡೆಯಿತು, ಯಾರ ಖಾತೆಯಲ್ಲಿ ಜಮಾ ಆಯಿತು ಎಂದು ಕೇಳಬೇಕು.

ಹಾಗೆಂದು ನಮ್ಮ ರಿಸರ್ವ್ ಬ್ಯಾಂಕ್ ಮಾಡಿದ್ದು ವ್ಯರ್ಥ ಎಂದರೆ ಅನ್ಯಾಯವಾದೀತು. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆ ವರ್ಷದ ಸಾಲದ ಗುರಿಯನ್ನು 7.8 ಲಕ್ಷ ಕೋಟಿಯಿಂದ 12 ಲಕ್ಷ ಕೋಟಿಗೆ ಏರಿಸಿತು. ಅಷ್ಟೊಂದು ಸಾಲಪತ್ರ ಒಮ್ಮೆಗೇ ಮಾರುಕಟ್ಟೆಗೆ ಬಂದರೆ ಬಡ್ಡಿ ಗಗನಕ್ಕೇರುತ್ತದೆ. ರಿಸರ್ವ್ ಬ್ಯಾಂಕ್ ಕೊಳ್ಳಲು ನಿಂತಿದ್ದರಿಂದ ಬಾಂಡಿನ ಬೆಲೆ ಬೀಳಲಿಲ್ಲ, ಸರ್ಕಾರ ಸುಮಾರು ಶೇ. 6ಕ್ಕೆ ಹತ್ತು ವರ್ಷದ ಸಾಲ ಎತ್ತಲು ಸಾಧ್ಯವಾಯಿತು. ಸರ್ಕಾರ ಖರ್ಚು ಮಾಡಿದ ಹಣ ಮಾತ್ರ ನಿಜಕ್ಕೂ ಜನರ ಮನೆಗೆ ಬರುತ್ತದೆ. 2020ರ ಏಪ್ರಿಲ್‌ನಿಂದ ರೇಷನ್ ಕಾರ್ಡಿನ ಪ್ರತಿಯೊಬ್ಬರಿಗೂ ಐದು ಕೆ.ಜಿ. ಧಾನ್ಯ ಉಚಿತವಾಗಿ ಬಂತಲ್ಲ, ತಮ್ಮನ ಭಟ್ಟಿಯ ಹುಡುಗರ ಮನೆಯ ಒಲೆ ಉರಿದದ್ದು ಅದರಿಂದಲೇ. ಅದರ ಹಿಂದೆ ಸರ್ಕಾರದ ಸಾಲವಿತ್ತು. ಆ ಸಾಲದ ಹಿಂದೆ ರಿಸರ್ವ್ ಬ್ಯಾಂಕ್ ನಿಂತಿತ್ತು.

ಇದರಲ್ಲಿ ಅಪಾಯವಿಲ್ಲವೇ ಎಂದರೆ, ಇದೆ. 1955ರಿಂದ 1997ರವರೆಗೆ ಕೇಂದ್ರ ಸರ್ಕಾರದ ಖಾತೆಯಲ್ಲಿ ಹಣ ಕಡಿಮೆಯಾದಾಗಲೆಲ್ಲ ತಾತ್ಕಾಲಿಕ ಖಜಾನೆ ಹುಂಡಿ ಬರೆದು ರಿಸರ್ವ್ ಬ್ಯಾಂಕಿನಿಂದ ತಾನಾಗಿಯೇ ಹಣ ಪಡೆಯುವ ಪದ್ಧತಿ ಇತ್ತು. ಕೇಳುವವರಿರಲಿಲ್ಲ. 1997ರಲ್ಲಿ ಅದನ್ನು ನಿಲ್ಲಿಸಿದರು. 2003ರ ಕಾಯಿದೆಯ ಪ್ರಕಾರ 2006ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ವಿಶೇಷ ಸಂದರ್ಭಗಳ ಹೊರತು ಸರ್ಕಾರದಿಂದ ನೇರವಾಗಿ ಬಾಂಡು ಕೊಳ್ಳುವಂತಿಲ್ಲ. ಮಾರುಕಟ್ಟೆಯಲ್ಲಿ ಬೇರೆಯವರಿಂದ ಕೊಳ್ಳಬೇಕು. ನಡುವೆ ಇನ್ನೊಬ್ಬರ ಕೈ ಇದ್ದರೆ ಬೆಲೆ ಕಟ್ಟುವವರು ಒಬ್ಬರಾದರೂ ಇರುತ್ತಾರೆ.

ಈ ಲೆಕ್ಕದಲ್ಲಿ ಕಳೆದುಕೊಂಡವರೂ ಇದ್ದಾರೆ. ನನಗೆ ಪಾಠ ಹೇಳುತ್ತಿದ್ದ ಮೇಷ್ಟ್ರೇ ಅವರಲ್ಲಿ ಒಬ್ಬರು. ನಿವೃತ್ತಿಯ ಹಣವನ್ನು ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ಹೆಂಡತಿಯ ಔಷಧಿ ನೋಡಿಕೊಳ್ಳುತ್ತಿದ್ದರು. ಬಾಂಡಿನ ಬಡ್ಡಿ ಇಳಿದರೆ ಠೇವಣಿಯ ಬಡ್ಡಿಯೂ ಇಳಿಯುತ್ತದೆ. ಹಣ ಹೆಚ್ಚಾಗಿ ಬಿದ್ದಿರುವ ಬ್ಯಾಂಕಿಗೆ ನಮ್ಮ ಠೇವಣಿಯ ದರ್ದೇನು? 2021ರಲ್ಲಿ ಒಂದು ವರ್ಷದ ಠೇವಣಿಗೆ ದೊಡ್ಡ ಬ್ಯಾಂಕುಗಳು ಕೊಡುತ್ತಿದ್ದದ್ದು ಶೇ. 5ರ ಆಸುಪಾಸು. 2020–21ರ ಸರಾಸರಿ ಬೆಲೆಯೇರಿಕೆ ಶೇ. 6.2. ಅಂದರೆ ಕೂಡಿಟ್ಟ ಗಂಟು ಕೂತಲ್ಲೇ ಕರಗುತ್ತಿತ್ತು. ಅದೇ ಹೊತ್ತಿನಲ್ಲಿ, 2020ರ ಮಾರ್ಚಿನಲ್ಲಿ 26 ಸಾವಿರಕ್ಕಿಂತ ಕೆಳಗೆ ಬಿದ್ದಿದ್ದ ಮುಂಬೈ ಷೇರು ಸೂಚ್ಯಂಕ 2021ರ ಜನವರಿಯಲ್ಲಿ 50 ಸಾವಿರ ಮುಟ್ಟಿತ್ತು. ಅದಕ್ಕೆ ಬಾಂಡು ಖರೀದಿಯೊಂದೇ ಕಾರಣ ಅಲ್ಲ. ಆದರೆ ಹಣ ಅಗ್ಗವಾದಾಗ ಷೇರಿದ್ದವರ ಮನೆಗೂ ಠೇವಣಿ ಇದ್ದವರ ಮನೆಗೂ ಬರುವ ಸುದ್ದಿ ಒಂದೇ ಅಲ್ಲ.

ಇದೆಲ್ಲ ಓದುವಾಗ ನನಗೆ ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರ ನೆನಪಾಯಿತು. 1906ರಲ್ಲಿ ಅವರು ಊರಿನ ಇತರ ಕೆಲವರೊಂದಿಗೆ ಸೇರಿ 5 ಸಾವಿರ ರೂಪಾಯಿಯ ಮೂಲಧನದಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಆಗ ರಿಸರ್ವ್ ಬ್ಯಾಂಕೇ ಇರಲಿಲ್ಲ. ಅದು ಹುಟ್ಟಿದ್ದು 1935ರಲ್ಲಿ. ಅಂಥ ಊರ ಬ್ಯಾಂಕಿನ ಆಸ್ತಿಯಲ್ಲಿ ಊರವರ ಪರಿಚಯವೂ ಒಂದು. ಯಾರ ಅಂಗಡಿ ನಡೆಯುತ್ತದೆ, ಯಾರ ಮಾತು ನಿಲ್ಲುತ್ತದೆ ಎಂದು ಗೊತ್ತಿರುವುದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು, ಊರುಗಳೆಲ್ಲ ಬಾಗಿಲು ಹಾಕಿದ್ದ ದಿನಗಳಲ್ಲಿ, ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಸೇರಿತು. ದೊಡ್ಡ ಬ್ಯಾಂಕಿಗೆ ದೊಡ್ಡ ಬಲ ಇರುತ್ತದೆ, ನಿಜ. ಮಂಡಕ್ಕಿ ಭಟ್ಟಿಯ ಹೊಗೆ ಎಷ್ಟು ಗಂಟೆಗೆ ಏಳುತ್ತದೆ ಎಂದು ನೋಡಿ ಸಾಲ ಬರೆಯುವ ಕಣ್ಣು ದೊಡ್ಡದಾದಂತೆ ದೂರವಾಗುತ್ತದೆ ಎಂಬುದು ನನ್ನ ಅನಿಸಿಕೆ.

ತಮ್ಮನ ಕಥೆ ಹೇಳಿ ಮುಗಿಸುತ್ತೇನೆ.

ಏಪ್ರಿಲ್ 27ಕ್ಕೆ ರಾಜ್ಯದಲ್ಲಿ ಮತ್ತೆ ಎಲ್ಲ ಬಂದಾಯಿತು. ಜೂನ್ ಕೊನೆಗೆ ಅಂಗಡಿಗಳು ತೆರೆಯತೊಡಗಿದಾಗ ಅವನು ಅದೇ ಬ್ಯಾಂಕಿಗೆ ಮತ್ತೆ ಹೋದ. ಈ ಸಲ ಅರ್ಜಿ ಹಿಡಿದು ಹೋಗಲಿಲ್ಲ. ಹೆಂಡತಿಯ ನಿಕಾಹಿನ ನಾಲ್ಕು ಬಂಗಾರದ ಬಳೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದ. ಚಿನ್ನದ ಬೆಲೆಯ ಶೇ. 90ರವರೆಗೂ ಸಾಲ ಕೊಡಬಹುದು ಎಂದು 2020ರ ಆಗಸ್ಟಿನಲ್ಲಿ ಸಡಿಲಿಸಿದ್ದ ನಿಯಮ ಮಾರ್ಚ್ ಕೊನೆಗೇ ಮುಗಿದು ಮತ್ತೆ ಶೇ. 75ಕ್ಕೆ ಇಳಿದಿತ್ತು. ಆದರೂ ಕೆಲಸ ಒಂದು ಗಂಟೆಯೊಳಗೆ ಆಯಿತು. ತೂಗಿದರು, ಉಜ್ಜಿ ನೋಡಿದರು, ಅವನ ಖಾತೆಯಲ್ಲಿ 1,30,000 ರೂಪಾಯಿ ಜಮಾ ಎಂದು ಬರೆದರು.

ಆ ಪಾಸ್‌ಬುಕ್ಕನ್ನು ಮೇಷ್ಟ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ನೋಡಮ್ಮ, ಹಣ ಹುಟ್ಟೋದು ಅಂದ್ರೆ ಇದು" ಅಂದರು. "ನಿನ್ನೆ ಈ ದುಡ್ಡು ದೇಶದಲ್ಲಿ ಇರಲಿಲ್ಲ. ಇವತ್ತು ಇದೆ. ಇದಕ್ಕೆ ಬ್ಯಾಂಕು ಇಡಬೇಕಾದ ಮೀಸಲು ಶೇ. 4ರ ಲೆಕ್ಕದಲ್ಲಿ 5,200 ರೂಪಾಯಿ." ಲಕ್ಷಾಂತರ ಕೋಟಿ ಮೀಸಲು ಬಿದ್ದಿದ್ದ ದೇಶದಲ್ಲಿ ತಮ್ಮನಿಗೆ ಅಡ್ಡ ಬಂದದ್ದು ಆ 5,200 ರೂಪಾಯಿಯಲ್ಲ. ಅವನ ಮಾತಿಗೆ ಬೆಲೆ ಕಟ್ಟುವ ತಕ್ಕಡಿ ಅಲ್ಲಿರಲಿಲ್ಲ; ಬಳೆಗೆ ಇತ್ತು.

ಭಟ್ಟಿ ಹೊತ್ತಿತು. ಸಾಲವೂ ತೀರಿತು. ಆದರೆ ಅದಕ್ಕಾಗಿ ಎರಡು ಬಳೆ ಮಾರಿ ಎರಡನ್ನು ಬಿಡಿಸಿಕೊಳ್ಳಬೇಕಾಯಿತು. ನನ್ನ ನಾದಿನಿ ಈಗ ಒಂದೊಂದು ಕೈಗೆ ಒಂದೊಂದು ಹಾಕಿಕೊಳ್ಳುತ್ತಾಳೆ, ಸದ್ದಾಗುವುದಿಲ್ಲ.

2025ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಮತ್ತೆ 60 ಸಾವಿರ ಕೋಟಿಯ ಬಾಂಡು ಕೊಳ್ಳುವುದಾಗಿ ಪ್ರಕಟಿಸಿತು. ಆ ಸಲ ರೂಪಾಯಿ ಬೀಳದಂತೆ ತಡೆಯಲು ಡಾಲರ್ ಮಾರಿ, ಅದರಿಂದ ಕರಗಿದ್ದ ಬ್ಯಾಂಕುಗಳ ಮೀಸಲನ್ನು ತುಂಬಬೇಕಾಗಿತ್ತು. ತಮ್ಮ ಟಿ.ವಿ. ನೋಡುತ್ತ ನನ್ನ ಕಡೆ ತಿರುಗಿದ. ನಾನು ಈ ಸಲ ತಯಾರಾಗಿದ್ದೆ.

"ಅದು ಬ್ಯಾಂಕುಗಳ ಮನೆಯ ದುಡ್ಡು ಕಣೋ. ಸೋರಿದ್ದನ್ನು ತುಂಬುತ್ತಿದ್ದಾರೆ. ನಮ್ಮ ಮನೆಗೆ ಬರಬೇಕಾದ್ರೆ ಯಾರಾದ್ರೂ ನಮ್ಮನ್ನು ನಂಬಿ ಬರೀಬೇಕು, ಇಲ್ಲ ಸರ್ಕಾರ ಖರ್ಚು ಮಾಡಬೇಕು."

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಈಗ ನನ್ನ ಹೆಸರಲ್ಲಿ ಸಾಲ ತಗೊಂಡು ತೀರಿಸಿದ ದಾಖಲೆ ಇದೆಯಲ್ಲ ಆಪಾ," ಅಂದ, "ಈ ಸಲ ಬಳೆ ಇಲ್ಲದೇ ಹೋಗಿ ನೋಡ್ತೀನಿ."